ಶಾಸನದ ಹೆಸರು, ಕಪಾಟಿನ ನಂಬರು

ಎಪಿಗ್ರಾಫಿಯ ಕರ್ನಾಟಿಕವನ್ನು ನಾವೆಲ್ಲ ಶಾಸನಗಳ ಪುಸ್ತಕ ಅಂತ ಓದ್ತೇವೆ. ಮಣಿಪಾಲದಲ್ಲಿ ಹಗಲೆಲ್ಲ ಡೇಟಾಬೇಸ್ ನೋಡಿಕೊಳ್ಳುವ ನನಗೆ ಅದು ಮೊದಲು ಕಾಣುವುದು ಡೇಟಾಬೇಸ್ ಆಗಿ. ಹಾಗೆ ನೋಡಿದಾಗ ಅದರ ಮೇಲೆ ನನ್ನದೊಂದು ತಕರಾರಿದೆ.

ಬಿ.ಎಲ್. ರೈಸ್ ಶಾಸನಗಳನ್ನು ಜಿಲ್ಲೆಗೊಂದು ಸಂಪುಟ, ಅದರೊಳಗೆ ತಾಲೂಕುವಾರು ನಂಬರು ಎಂದು ಜೋಡಿಸಿದರು. ನಮ್ಮ ಭಾಷೆಯಲ್ಲಿ ಇದು ಕ್ಲಸ್ಟರಿಂಗ್. ಒಟ್ಟಿಗೆ ಬೇಕಾಗುವ ದಾಖಲೆಗಳನ್ನು ಡಿಸ್ಕಿನಲ್ಲಿ ಅಕ್ಕಪಕ್ಕ ಇಟ್ಟರೆ ಒಂದೇ ಓದಿಗೆ ಎಲ್ಲ ಸಿಗುತ್ತವೆ. ಸೊರಬಕ್ಕೆ ಹೊರಟವನಿಗೆ ಸೊರಬದ ಪುಟಗಳು ಸಾಕು. ನಮ್ಮ ಕರಾವಳಿ ಆಗ ಮದ್ರಾಸಿಗೆ ಸೇರಿತ್ತು, ಹಾಗಾಗಿ ರೈಸ್ ಅವರ ಸಂಪುಟಗಳಲ್ಲಿ ನಾವಿಲ್ಲ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೇ ಸಂಪುಟ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ರಾಜವಂಶದ ಪ್ರಕಾರ ಜೋಡಿಸಿದೆ. ಅಲ್ಲಿ ವಿಜಯನಗರದವು ಒಟ್ಟಿಗೆ ಸಿಗುತ್ತವೆ, ಒಂದೇ ಊರಿನವು ಚದುರಿಹೋಗುತ್ತವೆ. ಇನ್ನು ವಾರ್ಷಿಕ ವರದಿಗಳಲ್ಲಿ ಪಡಿಯಚ್ಚು ತೆಗೆದ ವರ್ಷದ ಕ್ರಮ. ಬಂದದ್ದನ್ನು ಕೊನೆಗೆ ಸೇರಿಸುತ್ತಾ ಹೋದರಾಯ್ತು. ಸೇರಿಸುವುದು ಸುಲಭ, ಹುಡುಕುವುದು ಕರ್ಮ. ಮೂರರಲ್ಲಿ ಯಾವುದೂ ತಪ್ಪಲ್ಲ, ಒಂದೊಂದಕ್ಕೆ ಒಂದೊಂದು ಬಗೆಯ ಪ್ರಶ್ನೆ ಅಗ್ಗ.

ತಕರಾರು ಇರುವುದು ನಂಬರಿನ ಬಗ್ಗೆ. ಕಪಾಟಿನ ಜಾಗವನ್ನೇ ಶಾಸನದ ಹೆಸರು ಮಾಡಿಬಿಟ್ಟರು. ಮೈಸೂರಿನಿಂದ 1972ರ ನಂತರ ಪರಿಷ್ಕೃತ ಸಂಪುಟಗಳು ಬಂದಾಗ ನಂಬರುಗಳೂ ಬದಲಾದವು. ಹಾಗಾಗಿ ಇವತ್ತು ಹಳೇ ಲೇಖನದ ಉಲ್ಲೇಖ ಹಿಡಿದು ಹೊಸ ಸಂಪುಟ ತೆರೆದರೆ ಬೇರೆಯೇ ಕಲ್ಲು ಎದುರಾಗುತ್ತದೆ. ಪಾಠ ತಿದ್ದಿದ ಉಪಕಾರ ದೊಡ್ಡದು, ಇಲ್ಲ ಅನ್ನಲ್ಲ. ಆದರೆ ಜಾಗ ಬದಲಾದಾಗ ಹೆಸರು ಬದಲಾಗಬಾರದು ಅನ್ನುವುದು ಡೇಟಾಬೇಸಿನ ಮೊದಲ ಪಾಠ.

ನಾವು ಹವ್ಯಾಸಿಗಳು ಅದೇ ತಪ್ಪನ್ನು ಎಕ್ಸೆಲ್‌ನಲ್ಲಿ ಮಾಡ್ತಾ ಇದ್ದೇವೆ. ಕಾಪು ಮೊನ್ನೆ ಮೊನ್ನೆಯವರೆಗೆ ಉಡುಪಿ ತಾಲೂಕು, ಈಗ ಅದೇ ಒಂದು ತಾಲೂಕು. 1997ಕ್ಕೆ ಮೊದಲು ಉಡುಪಿ ಜಿಲ್ಲೆಯೇ ಇರಲಿಲ್ಲ. ‘ಉಡುಪಿ-14’ ಅಂತ ಹೆಸರಿಟ್ಟ ಕಲ್ಲಿಗೆ ಈಗೇನು ಮಾಡ್ತೀರಿ? 1556ರ ಕಾಪು ತಾಮ್ರಶಾಸನದಂಥದ್ದು ಕೈಯಲ್ಲಿ ಹಿಡಿದು ಒಯ್ಯುವ ವಸ್ತು, ಅದಕ್ಕೆ ತಾಲೂಕೇ ಹೆಸರಾದರೆ ಇನ್ನೂ ಕಷ್ಟ. ಅರ್ಥವೇ ಇಲ್ಲದ ಒಂದು ಕ್ರಮಸಂಖ್ಯೆ ಕೊಡಿ. ತಾಲೂಕು, ವಂಶ, ಹಳೇ ನಂಬರು, ಹೊಸ ನಂಬರು ಎಲ್ಲವೂ ಬೇರೆ ಬೇರೆ ಕಾಲಂ ಆಗಲಿ, ಹುಡುಕಲು ಒಂದೊಂದಕ್ಕೂ ಇಂಡೆಕ್ಸ್ ಇರಲಿ.

ಕಾಲದ ಕಾಲಂನಲ್ಲಿ ನಾನೇ ಎಡವಿದ್ದೇನೆ. ಕಾರ್ಕಳದ ಗೊಮ್ಮಟನ ಪ್ರತಿಷ್ಠೆ ಶಕ 1353, ವಿರೋಧಿಕೃತು ಸಂವತ್ಸರದ ಫಾಲ್ಗುಣ ಶುದ್ಧ 12, ಬುಧವಾರ. ನನ್ನ ಮೊದಲ ಪಟ್ಟಿಯಲ್ಲಿ 78 ಕೂಡಿಸುವ ಸೂತ್ರ ಹಾಕಿ 1431 ಅಂತ ಮಾತ್ರ ಉಳಿಸಿದ್ದೆ, ಶಕವರ್ಷದ ಕಾಲಂ ‘ಜಾಗ ತಿನ್ನುತ್ತೆ’ ಅಂತ ಅಳಿಸಿದ್ದೆ. ಫಾಲ್ಗುಣ ಬರುವಷ್ಟರಲ್ಲಿ ಕ್ರಿಸ್ತವರ್ಷ ದಾಟಿರುತ್ತದೆ. ನಿಜವಾದ ದಿನ 1432ರ ಫೆಬ್ರವರಿ 13. ಅದೇ ಊರಿನ ಚತುರ್ಮುಖ ಬಸದಿಯ ಶಕ 1508 ಚೈತ್ರದ್ದು, ಅಲ್ಲಿ ಅದೇ ಸೂತ್ರ ಸರಿಯಾಗಿ 1586 ಕೊಟ್ಟಿತ್ತು. ಹಾಗಾಗಿ ಅನುಮಾನವೇ ಬರಲಿಲ್ಲ. ತಪ್ಪು ಗೊತ್ತಾದಾಗ ತಿದ್ದಲು ಮೂಲವೇ ಉಳಿದಿರಲಿಲ್ಲ, ಎಲ್ಲಾ ಪುನಃ ಪುಸ್ತಕದಿಂದ ಹೊಡೆದೆ. ಕಲ್ಲು ಹೇಳಿದ್ದನ್ನು ಇದ್ದ ಹಾಗೇ ಇಡಿ. ಲೆಕ್ಕ ಹಾಕಿದ ತೇದಿ ಪಕ್ಕದಲ್ಲಿರಲಿ, ಇಂಡೆಕ್ಸ್ ಅದರ ಮೇಲೆ.

ವೇಗದ ಚಿಂತೆ ಬೇಡ. ಕೆಲವು ಸಾವಿರ ಸಾಲಿನ ಪಠ್ಯವನ್ನು ಯಾವ ಲ್ಯಾಪ್‌ಟಾಪ್ ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಓದುತ್ತದೆ. ಭಾರ ಇರುವುದು ಪಡಿಯಚ್ಚಿನ ಚಿತ್ರಗಳದ್ದು. ಅವನ್ನು ಹೊರಗಿನ ಫೋಲ್ಡರಿನಲ್ಲಿಟ್ಟು ಟೇಬಲಿನಲ್ಲಿ ವಿಳಾಸ ಮಾತ್ರ ಬರೆಯಿರಿ. ಉಳಿಸಿದ ಶ್ರಮವನ್ನು ಊರುಗಳ ಹೆಸರಿನ ಪಟ್ಟಿಗೆ ಹಾಕಿ. ಉದ್ಯಾವರ ಶಾಸನಗಳಲ್ಲಿ ಉದಯಪುರ ಆಗಿದೆ; ಈ ಎರಡನ್ನು ಜೋಡಿಸುವ ಒಂದು ಸಾಲು ಇಲ್ಲದಿದ್ದರೆ ‘ಉದ್ಯಾವರ’ ಅಂತ ಟೈಪ್ ಮಾಡಿದವನಿಗೆ ಅಳುಪರ ಆ ಕಲ್ಲುಗಳು ಸಿಗುವುದೇ ಇಲ್ಲ.