ಮಿರರ್‌ಲೆಸ್ ಕಾಲದಲ್ಲಿ ಎಸ್‌ಬಿ-28

ನಿಕಾನ್‌ನ ಎಸ್‌ಬಿ-28 ಫ್ಲಾಶ್ 1997ರದು, ರೀಲಿನ ಕ್ಯಾಮೆರಾಗಳಿಗೆಂದೇ ಹುಟ್ಟಿದ್ದು. ಅದನ್ನು ಪಕ್ಕದ ಸ್ಟ್ಯಾಂಡಿಗೇರಿಸಿ, ಝಡ್ 6ರಂಥ ಮಿರರ್‌ಲೆಸ್ ಕ್ಯಾಮೆರಾದಿಂದ ರೇಡಿಯೊ ಟ್ರಿಗರ್ ಮೂಲಕ ಹೊಡೆಸುವವರು ಇಂದಿಗೂ ಇದ್ದಾರೆ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಹಾಬಿ ಈ ಪದ್ಧತಿಯನ್ನು 2006ರಿಂದ ‘ಸ್ಟ್ರೋಬಿಸ್ಟ್’ ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ಆಗ ಎಲ್ಲರ ಕೈಯಲ್ಲಿದ್ದದ್ದು ಡಿಎಸ್‌ಎಲ್‌ಆರ್. ಕ್ಯಾಮೆರಾದೊಳಗಿನ ಕನ್ನಡಿ ಹೋದ ಮೇಲೂ ಈ ಪದ್ಧತಿಗೆ ಬೆಲೆಯಿದೆಯೇ? ಖಂಡಿತ ಇದೆ, ಆದರೆ ಎಲ್ಲ ಕೆಲಸಕ್ಕೂ ಅಲ್ಲ.

ಮೊದಲು ಕೈಬಿಡುವುದು ಟಿಟಿಎಲ್, ಅಂದರೆ ಲೆನ್ಸ್ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮೆರಾವೇ ಫ್ಲಾಶ್‌ನ ಶಕ್ತಿ ನಿರ್ಧರಿಸುವ ಕ್ರಮ. ರೀಲಿನ ಕಾಲದಲ್ಲಿ ಶಟರ್ ತೆರೆದಿರುವಾಗಲೇ ಫಿಲ್ಮಿನ ಮೈಯಿಂದ ಹಿಂದಿರುಗಿದ ಬೆಳಕನ್ನು ಕ್ಯಾಮೆರಾ ಅಳೆದು, ಸಾಕಾದ ಕೂಡಲೇ ಫ್ಲಾಶ್ ಆರಿಸುತ್ತಿತ್ತು. ಡಿಜಿಟಲ್ ಸೆನ್ಸರ್ ಬೆಳಕನ್ನು ಹಾಗೆ ಹಿಂದಿರುಗಿಸುವುದಿಲ್ಲ. ಆದ್ದರಿಂದ ಚಿತ್ರಕ್ಕೆ ಮುನ್ನ ಸಣ್ಣದೊಂದು ಮಿಂಚು ಹೊಡೆದು ಅಳೆಯುವ ಕ್ರಮ ಬಂತು. ಡಿಜಿಟಲ್ ಕ್ಯಾಮೆರಾಗಳ ಆ ಕ್ರಮದೊಡನೆ ಎಸ್‌ಬಿ-28 ಹೊಂದುವುದಿಲ್ಲ. ಇಲ್ಲಿ ಹಿಡಿಯುವುದು ಪೂರ್ಣ ಶಕ್ತಿಯಿಂದ 1/64ರವರೆಗೆ ನಾವೇ ಇಳಿಸುವ ಮ್ಯಾನ್ಯುಯಲ್ ದಾರಿ. ಭಾವಚಿತ್ರಕ್ಕೆ ಇದರಿಂದ ನಷ್ಟವಿಲ್ಲ, ಲಾಭವೇ ಉಂಟು. ಬಿಳಿ ಪಂಚೆ ಕಂಡರೆ ಟಿಟಿಎಲ್ ಬೆಳಕನ್ನು ತಗ್ಗಿಸುತ್ತದೆ, ಕಪ್ಪು ಕೋಟು ಕಂಡರೆ ಏರಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಇಪ್ಪತ್ತನೆಯ ಚಿತ್ರಕ್ಕೂ ಮೊದಲನೆಯದರಷ್ಟೇ ಬೆಳಕು ಬೀಳುತ್ತದೆ.

ನಿಜವಾದ ತೊಡಕು ವ್ಯೂಫೈಂಡರ್‌ನಲ್ಲಿದೆ. ತೆಗೆಯುವ ಮೊದಲೇ ಚಿತ್ರ ಹೇಗೆ ಬರುತ್ತದೆಂದು ತೋರಿಸುವುದು ಮಿರರ್‌ಲೆಸ್‌ನ ದೊಡ್ಡ ಗುಣ. ಫ್ಲಾಶ್‌ನ ಬೆಳಕೋ, ಗುಂಡಿ ಒತ್ತುವ ತನಕ ಇರುವುದೇ ಇಲ್ಲ. ಕೋಣೆಯಲ್ಲಿ ಐಎಸ್‌ಒ 100, ಎಫ್/8, 1/200 ಸೆಕೆಂಡ್ ಇಟ್ಟರೆ ವ್ಯೂಫೈಂಡರ್ ಕಗ್ಗತ್ತಲಾಗುತ್ತದೆ. ಅದೇ ಕಂಪನಿಯ ಹೊಸ ಫ್ಲಾಶ್ ಕೂರಿಸಿದರೆ ಕ್ಯಾಮೆರಾ ಅದನ್ನು ಗುರುತಿಸಿ ನೋಟವನ್ನು ತಾನೇ ಬೆಳಗಿಸಿಕೊಳ್ಳುತ್ತದೆ. ಒಂದೇ ಪಿನ್ನಿನ ಅಗ್ಗದ ಟ್ರಿಗರ್ ಹಾಕಿದರೆ ಮೇಲೆ ಏನಿದೆಯೆಂದೇ ಅದಕ್ಕೆ ತಿಳಿಯದು. ಮೆನುವಿಗೆ ಹೋಗಿ ಎಕ್ಸ್‌ಪೋಷರ್ ಪೂರ್ವನೋಟವನ್ನು ನಿಲ್ಲಿಸಬೇಕು. ಆಗ ಕಣ್ಣಿಗೆ ಕಾಣುವುದು ಚೌಕಟ್ಟು ಮತ್ತು ಫೋಕಸ್ ಮಾತ್ರ. ಕೆನ್ನೆಯ ಮೇಲೆ ನೆರಳು ಎಲ್ಲಿ ಬೀಳುತ್ತದೆ, ಹಿಂದಿನ ಗೋಡೆ ಎಷ್ಟು ಕಪ್ಪಾಗುತ್ತದೆ ಎಂಬುದನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಈ ಅಭ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪರದೆ ನೋಡಿ ಡಯಲ್ ತಿರುಗಿಸುವುದನ್ನಷ್ಟೇ ಬಲ್ಲವರಿಗೆ ಬೆಳಕಿನ ದಿಕ್ಕು, ದೂರ ಇಷ್ಟು ಬೇಗ ಅರ್ಥವಾಗುವುದು ಕಷ್ಟ. (ಸೈಲೆಂಟ್ ಶಟರ್ ಆನ್ ಆಗಿದ್ದರೆ ಹಲವು ಕ್ಯಾಮೆರಾಗಳಲ್ಲಿ ಫ್ಲಾಶ್ ಹೊಡೆಯುವುದೇ ಇಲ್ಲ, ಮೊದಲು ಅದನ್ನು ನೋಡಿಕೊಳ್ಳಿ.)

ಬಿಸಿಲಿನಲ್ಲಿ ಈ ಜೋಡಿ ಸೋಲುತ್ತದೆ. ಎಸ್‌ಬಿ-28ರ ಗೈಡ್ ನಂಬರ್ (ಫ್ಲಾಶ್‌ನ ಬಲದ ಅಳತೆ, ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಮುಟ್ಟುವ ದೂರ) 35 ಎಂಎಂ ಜೂಮ್‌ನಲ್ಲಿ, ಐಎಸ್‌ಒ 100ಕ್ಕೆ 36 ಮೀಟರ್. ನೆತ್ತಿಯ ಬಿಸಿಲಿಗೆ 1/200 ಸೆಕೆಂಡಿನಲ್ಲಿ ಎಫ್/11 ಬೇಕು. 36ನ್ನು 11ರಿಂದ ಭಾಗಿಸಿದರೆ ಮೂರು ಮೀಟರಿಗೆ ಚೂರು ಹೆಚ್ಚು. ಅಷ್ಟರೊಳಗೆ ನಿಂತವರಿಗೆ ಮಾತ್ರ ಸೂರ್ಯನಿಗೆ ಸಮನಾದ ಬೆಳಕು. ಛತ್ರಿ ಬಿಚ್ಚಿ ಎರಡು ಸ್ಟಾಪ್ ಕಳೆದರೆ ದೂರ ಅರ್ಧಕ್ಕಿಳಿಯುತ್ತದೆ. ಹಿನ್ನೆಲೆ ಮಸುಕಾಗಲೆಂದು ಎಫ್/2.8ಕ್ಕೆ ಹೋದರೆ ಶಟರ್ 1/3200 ಕೇಳುತ್ತದೆ. ಅಷ್ಟು ವೇಗದ ಶಟರ್‌ಗೆ ಫ್ಲಾಶ್ ಹೊಂದಿಸುವ ಹೈಸ್ಪೀಡ್ ಸಿಂಕ್ ಈ ಜೋಡಿಗೆ ಸಿಗದ ಕಾರಣ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಅದು ಆಗದ ಮಾತು. ಮದುವೆ ಮಂಟಪದ ಧಾರೆಯ ಗಳಿಗೆಯೂ ಇದಕ್ಕೆ ತಕ್ಕದ್ದಲ್ಲ. ಅಲ್ಲಿ ಜನ ಸರಿದಾಡುತ್ತಲೇ ಇರುತ್ತಾರೆ, ದೂರ ಬದಲಾದಂತೆಲ್ಲ ಶಕ್ತಿ ತಿದ್ದುತ್ತ ಕೂರಲು ಸಮಯವಿರುವುದಿಲ್ಲ.

ಫ್ಲಾಶ್‌ನ ವೋಲ್ಟೇಜ್ ಕ್ಯಾಮೆರಾವನ್ನು ಕೆಡಿಸೀತೆಂಬ ಭಯ ಎಲ್ಲ ಹಳೆಯ ಫ್ಲಾಶ್‌ಗಳಿಗೂ ಸಲ್ಲುವುದಿಲ್ಲ. ವಿವಿಟಾರ್ 283ರ ಮೊದಲ ತಯಾರಿಕೆಗಳಲ್ಲಿ ಟ್ರಿಗರ್ ವೋಲ್ಟೇಜ್ 200 ದಾಟುವುದುಂಟು. ಅಂಥವನ್ನು ಕ್ಯಾಮೆರಾಕ್ಕೆ ನೇರ ಕೂರಿಸಲೇಬಾರದು, ರೇಡಿಯೊ ಟ್ರಿಗರ್‌ನ ರಿಸೀವರಿನ ತಾಳಿಕೆಯನ್ನೂ ನೋಡಬೇಕು. ಎಸ್‌ಬಿ-28ರಲ್ಲಿ ಆ ಅಪಾಯವಿಲ್ಲ.

ನನ್ನ ಆಕ್ಷೇಪ ಇರುವುದು ಕ್ಯಾಮೆರಾ ತಯಾರಕರ ಮೇಲೆ. ಕ್ಯಾಮೆರಾದ ಮೇಲೆ ಫ್ಲಾಶ್ ಕೂರಿಸುವ ಹಾಟ್ ಶೂ ನಡುವಿನ ಆ ಒಂದು ಪಿನ್ ಇದ್ದುದರಿಂದಲೇ ಬಹುತೇಕ ಯಾವ ಕಾಲದ, ಯಾವ ಕಂಪನಿಯ ಫ್ಲಾಶ್ ಆದರೂ ಹೊಡೆಯುತ್ತಿತ್ತು. ಕ್ಯಾನನ್ ತನ್ನ 1500ಡಿಯಲ್ಲಿ ಅದನ್ನು ಕಿತ್ತಿತು. ಮಿರರ್‌ಲೆಸ್ ಆರ್50ಕ್ಕೆ ಹಳೆಯ ಫ್ಲಾಶ್ ಕೂರಿಸಲು ಎಡಿ-ಇ1 ಅಡಾಪ್ಟರ್ ಬೇರೆಯಾಗಿ ಕೊಳ್ಳಬೇಕು. ಎರಡೂ ಹೊಸಬರು ಕೊಳ್ಳುವ ಕ್ಯಾಮೆರಾಗಳು. ಸೆಕೆಂಡ್ ಹ್ಯಾಂಡ್ ಫ್ಲಾಶ್ ಇಟ್ಟುಕೊಂಡು ಬೆಳಕನ್ನು ಕಲಿಯಬೇಕಾದವರು ಅವರೇ, ದುಬಾರಿ ಕ್ಯಾಮೆರಾ ಕೊಂಡವರಲ್ಲ.