ತಂಪು ಗಾಳಿಗೆ ಇಪ್ಪತ್ತು ಸಾವಿರ ರೂಪಾಯಿ ಕೊಡಬೇಕೆ?

ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಸಾಲ ಮಾಡಿ 1.2 ಲೀಟರ್ ಎಂಜಿನ್ನಿನ ಸಣ್ಣ ಪೆಟ್ರೋಲ್ ಕಾರು ಕೊಂಡಿದ್ದಾನೆ. ಈಗ ಅದಕ್ಕೆ 'ಕೋಲ್ಡ್ ಏರ್ ಇನ್‌ಟೇಕ್' ಎಂಬ ಸಾಧನವನ್ನು ಹಾಕಿಸುವ ಆಸೆ. ಬೆಲೆ ಇಪ್ಪತ್ತು ಸಾವಿರ ರೂಪಾಯಿ. ಎಂಜಿನ್ನಿಗೆ ತಂಪಾದ ಗಾಳಿಯನ್ನು ಒದಗಿಸುವ ಅಗಲವಾದ ಕೊಳವೆ ಮತ್ತು ಅದರ ತುದಿಗೆ ಶಂಕುವಿನಾಕಾರದ ಒಂದು ಫಿಲ್ಟರ್, ಇಷ್ಟೇ ಅದರ ಭಾಗಗಳು. "15 ಅಶ್ವಸಾಮರ್ಥ್ಯ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ" ಎಂದು ಮಾರುವವರು ಹೇಳಿದ್ದಾರೆ. ನಾನು ಅನುಮಾನಿಸಿದಾಗ ಅವನು ನಗುತ್ತಾ ಕೇಳಿದ: "ಸರ್, ಇದು ನೀವೇ ಹೇಳಿಕೊಟ್ಟ ಚಾರ್ಲ್ಸ್ ನಿಯಮ ಅಲ್ಲವೆ?"

ಹೌದು, ನಾನೇ ಹೇಳಿಕೊಟ್ಟದ್ದು. ಆದ್ದರಿಂದಲೇ ಈ ಸಾಧನದ ಬಗ್ಗೆ ಮಾಡಲಾಗುವ ವಾದವನ್ನು ವಿಮರ್ಶಿಸುವುದು ನನ್ನ ಕರ್ತವ್ಯ ಎನಿಸಿತು. ಸುಳ್ಳು ವಿಜ್ಞಾನವನ್ನು ತಳ್ಳಿಹಾಕುವುದು ಸುಲಭ. ಇಲ್ಲಿರುವುದು ನಿಜವಾದ ವಿಜ್ಞಾನ. ಅದನ್ನು ಮುಂದಿಟ್ಟು ಮಾರುತ್ತಿರುವ ಅಂಕಿ ಮಾತ್ರ ಬೇರೆ.

ವಾದದಲ್ಲಿ ನಿಜವೆಷ್ಟು?

ಫ್ರಾನ್ಸಿನ ಜಾಕ್ ಚಾರ್ಲ್ಸ್ 1787ರ ಸುಮಾರಿಗೆ ಕಂಡುಕೊಂಡು, ಗೇ-ಲುಸಾಕ್ 1802ರಲ್ಲಿ ಪ್ರಕಟಿಸಿದ ನಿಯಮ ನಮಗೆಲ್ಲ ಗೊತ್ತು. ಒತ್ತಡ ಒಂದೇ ಆಗಿದ್ದರೆ ಅನಿಲದ ಗಾತ್ರವು ಅದರ ಪರಮ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಅಂದರೆ ಗಾಳಿ ತಂಪಾದಷ್ಟೂ ಸಾಂದ್ರ. ಎಂಜಿನ್ನಿನ ಸಿಲಿಂಡರಿನ ಗಾತ್ರ ಬದಲಾಗುವುದಿಲ್ಲ. ಆದುದರಿಂದ ಪ್ರತಿ ಹೀರುವಿಕೆಯಲ್ಲಿಯೂ ತಂಪು ಗಾಳಿಯ ಹೆಚ್ಚು ರಾಶಿ, ಅದರೊಡನೆ ಹೆಚ್ಚು ಆಕ್ಸಿಜನ್ ಒಳಗೆ ಬರುತ್ತದೆ. ಅದಕ್ಕೆ ತಕ್ಕಂತೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಇದಲ್ಲದೆ ಗಾಳಿ ತಂಪಾಗಿದ್ದರೆ ಎಂಜಿನ್ನಿನ ಬಡಿತ (ನಾಕಿಂಗ್) ಕಡಿಮೆ.

ಈ ಉಪಾಯಕ್ಕೆ ಗೌರವಯುತ ಇತಿಹಾಸವೂ ಇದೆ. ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ದುಂಡನೆಯ ಏರ್ ಫಿಲ್ಟರ್ ಡಬ್ಬಿ ಎಂಜಿನ್ನಿನ ನೆತ್ತಿಯ ಮೇಲೆಯೇ ಕೂತಿರುತ್ತಿತ್ತು. ಅದು ಹೀರುತ್ತಿದ್ದುದು ಬಾನೆಟ್ಟಿನ ಕೆಳಗಿನ ಕಾದ ಗಾಳಿಯನ್ನು. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1966ರಲ್ಲಿ ತನ್ನ 4-4-2 ಕಾರಿಗೆ 'ಡಬ್ಲ್ಯೂ-30' ಎಂಬ ಏರ್ಪಾಡನ್ನು ತಂದಿತು. ಅದರಲ್ಲಿ ಮುಂದಿನ ಬಂಪರಿನ ಬಳಿಯಿಂದ ಕೊಳವೆಗಳ ಮೂಲಕ ಹೊರಗಿನ ಗಾಳಿಯನ್ನು ತರಲಾಗುತ್ತಿತ್ತು. ಅಂಥ ಕಾರಿನಲ್ಲಿ ಲಾಭ ನಿಜವಾದದ್ದು.

ಆದರೆ ಇಂದಿನ ಕಾರಿನ ಬಾನೆಟ್ಟನ್ನು ಒಮ್ಮೆ ತೆರೆದು ನೋಡಿ. ಏರ್ ಫಿಲ್ಟರಿನ ಡಬ್ಬಿಯಿಂದ ಹೊರಟ ಪ್ಲಾಸ್ಟಿಕ್ ಕೊಳವೆಯ ಬಾಯಿ ಬಹುತೇಕ ಕಾರುಗಳಲ್ಲಿ ಮುಂದಿನ ಗ್ರಿಲ್‌ನ ಹಿಂದೆ ಅಥವಾ ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಬದಿಯಲ್ಲಿ ಇರುತ್ತದೆ. ಅಂದರೆ ಕಾರ್ಖಾನೆಯವರೇ ತಂಪು ಗಾಳಿಯ ಕೊಳವೆಯನ್ನು ಆಗಲೇ ಜೋಡಿಸಿ ಕೊಟ್ಟಿದ್ದಾರೆ! ನಾವು ಕೇಳಬೇಕಾದ ಪ್ರಶ್ನೆ 'ತಂಪು ಗಾಳಿ ಒಳ್ಳೆಯದೆ?' ಎಂದಲ್ಲ, 'ಈಗಿರುವುದಕ್ಕಿಂತ ಎಷ್ಟು ಡಿಗ್ರಿ ತಂಪು?' ಎಂದು.

ಕಾಗದ ಪೆನ್ಸಿಲ್ ಹಿಡಿಯೋಣ

ಹೊರಗಿನ ಉಷ್ಣತೆ 35° ಸೆ. ಇದೆ ಎಂದಿಟ್ಟುಕೊಳ್ಳೋಣ. ಚಲಿಸುತ್ತಿರುವ ಕಾರಿನಲ್ಲಿ ಮೂಲ ಕೊಳವೆಯ ಮೂಲಕ ಬರುವ ಗಾಳಿ ಅದಕ್ಕಿಂತ 8 ಡಿಗ್ರಿ ಹೆಚ್ಚು, ಅಂದರೆ 43° ಸೆ. ಇರಲಿ. ಹೊಸ ಸಾಧನ ಸರ್ವೋತ್ತಮವಾಗಿ ಕೆಲಸ ಮಾಡಿ 35° ಸೆ. ಗಾಳಿಯನ್ನೇ ತಂದಿತು ಎನ್ನೋಣ. ಪರಮ ಉಷ್ಣತೆಗಳು 316 ಮತ್ತು 308 ಕೆಲ್ವಿನ್. ಸಾಂದ್ರತೆಯ ಹೆಚ್ಚಳ 316/308, ಅಂದರೆ ಶೇಕಡಾ 2.6.

ಸಾಮರ್ಥ್ಯ ಅಷ್ಟೂ ಹೆಚ್ಚುವುದಿಲ್ಲ. ಫಿಲ್ಟರಿನಿಂದ ಹೊರಟ ಗಾಳಿ ಬಿಸಿಯಾದ ಕವಾಟ, ಸಿಲಿಂಡರ್ ಗೋಡೆಗಳನ್ನು ತಾಕಿ ದಾರಿಯಲ್ಲಿ ಮತ್ತೆ ಕಾಯುತ್ತದೆ. ತಂಪಾಗಿ ಬಂದ ಗಾಳಿ ಹೆಚ್ಚು ಕಾಯುತ್ತದೆ. ಹೀಗಾಗಿ ಎಂಜಿನ್ ಪರೀಕ್ಷೆಯ ಮಾನಕಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಸಾಮರ್ಥ್ಯವನ್ನು ಪರಮ ಉಷ್ಣತೆಯ ವರ್ಗಮೂಲಕ್ಕೆ ವಿಲೋಮವಾಗಿ ತಿದ್ದುವ ರೂಢಿ ಇದೆ. ಆ ಲೆಕ್ಕದಲ್ಲಿ ಲಾಭ ಶೇಕಡಾ 1.3. ನಮ್ಮ ಹುಡುಗನ ಕಾರಿನ ಸಾಮರ್ಥ್ಯ ಸುಮಾರು 80 ಅಶ್ವಸಾಮರ್ಥ್ಯ. ಅಂದರೆ ಒಂದು ಅಶ್ವಸಾಮರ್ಥ್ಯದ ಹೆಚ್ಚಳ. ಅಗಲವಾದ ಕೊಳವೆಯಿಂದ ಗಾಳಿಗಾಗುವ ತಡೆ ಕಡಿಮೆಯಾಗಿ, ಪೂರ್ಣ ವೇಗದಲ್ಲಿ ಒತ್ತಡದ ನಷ್ಟ ಒಂದು ಕಿಲೊಪಾಸ್ಕಲ್‌ನಷ್ಟು ತಗ್ಗಿದರೆ ಇನ್ನೂ ಶೇಕಡಾ 1 ಸೇರಿಸೋಣ. ಉದಾರವಾಗಿ ಲೆಕ್ಕ ಹಾಕಿದರೂ ಒಟ್ಟು ಎರಡು ಅಶ್ವಸಾಮರ್ಥ್ಯ.

ಈಗ ಮಾರುವವರ ಹೇಳಿಕೆಯನ್ನು ಹಿಂದಿನಿಂದ ಬಿಡಿಸೋಣ. 80 ಇದ್ದದ್ದು 95 ಆಗಬೇಕು, ಅದೂ ಉಷ್ಣತೆಯಿಂದಲೇ. ಸಾಮರ್ಥ್ಯ ಸಾಂದ್ರತೆಯಷ್ಟೇ ಹೆಚ್ಚುತ್ತದೆ ಎಂದು ಒಪ್ಪಿಕೊಂಡರೂ 43° ಸೆ. ಇದ್ದ ಗಾಳಿ −7° ಸೆ.ಗೆ ಇಳಿಯಬೇಕು. ವರ್ಗಮೂಲದ ಲೆಕ್ಕದಲ್ಲಾದರೆ ಸುಮಾರು −49° ಸೆ.! ಬರಿಯ ಕೊಳವೆಯೊಂದು ಹೊರಗಿನ ಗಾಳಿಗಿಂತ ತಂಪಾದ ಗಾಳಿಯನ್ನು ಎಲ್ಲಿಂದ ತಂದೀತು? ಚಾರ್ಲ್ಸ್ ನಿಯಮದ ಹೆಸರಿನಲ್ಲಿ ಮಾರುವ ಅಂಕಿಯನ್ನು ಚಾರ್ಲ್ಸ್ ನಿಯಮವೇ ಒಪ್ಪುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಅಗ್ಗದ ಸಾಧನಗಳಲ್ಲಿ ಶಂಕುವಿನ ಫಿಲ್ಟರನ್ನು ಯಾವ ಮರೆಯೂ ಇಲ್ಲದೆ ಎಂಜಿನ್ನಿನ ಪಕ್ಕದಲ್ಲೇ ನಿಲ್ಲಿಸಿರುತ್ತಾರೆ. ಅಲ್ಲಿಯ ಗಾಳಿ 60° ಸೆ. ಇದ್ದರೆ, 35° ಸೆ. ಗಾಳಿಗೆ ಹೋಲಿಸಿ ಸಾಮರ್ಥ್ಯ ಶೇಕಡಾ 4ರಷ್ಟು ತಗ್ಗುತ್ತದೆ. ಹೆಸರು ತಂಪು, ಕೆಲಸ ಬಿಸಿ.

ಮೈಲೇಜಿನ ಮಾತು

ಇಂಧನ ಉಳಿತಾಯದ ಹೇಳಿಕೆ ಇನ್ನೂ ದುರ್ಬಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಲು ಸಣ್ಣ ಕಾರಿಗೆ ಹತ್ತು ಅಶ್ವಸಾಮರ್ಥ್ಯವೂ ಬೇಡ. ಉಳಿದ ಸಾಮರ್ಥ್ಯವನ್ನು ತಡೆದು ಹಿಡಿಯುವುದೇ ಥ್ರಾಟಲ್ ಕವಾಟದ ಕೆಲಸ. ಆಗ ಆ ಕವಾಟದ ಆಚೆ ಎಂಜಿನ್ನಿನ ಕಡೆಯಲ್ಲಿ ಗಾಳಿಯ ಒತ್ತಡ ಹೊರಗಿನ ಒತ್ತಡದ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಕಡಿಮೆ. ನಲ್ಲಿಯನ್ನು ಕಾಲುಭಾಗ ಮಾತ್ರ ತಿರುಗಿಸಿ ನೀರು ಹಿಡಿಯುವವರು ತೊಟ್ಟಿಯಿಂದ ಬರುವ ಪೈಪನ್ನು ದಪ್ಪ ಮಾಡಿಸಿದರೆ ಏನು ಪ್ರಯೋಜನ? ಗಾಳಿ ಹೆಚ್ಚು ಸಾಂದ್ರವಾದರೆ ಚಾಲಕ ತನಗರಿವಿಲ್ಲದೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಕಡಿಮೆ ಒತ್ತುತ್ತಾನೆ, ಅಷ್ಟೆ.

ಇದು ಬರಿಯ ತರ್ಕವಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏರ್ ಫಿಲ್ಟರನ್ನು ಬೇಕೆಂದೇ ಮುಚ್ಚಿ ಪರೀಕ್ಷಿಸಲಾಯಿತು. 2003ರಿಂದ 2007ರವರೆಗಿನ ಮಾದರಿಗಳ, ಇಂಧನವನ್ನು ಗಣಕದ ಮೂಲಕ ನಿಯಂತ್ರಿಸುವ ಪೆಟ್ರೋಲ್ ಕಾರುಗಳಲ್ಲಿ ಮೈಲೇಜಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 1972ರ ಕಾರ್ಬ್ಯುರೇಟರ್ ಕಾರೊಂದರಲ್ಲಿ ಮಾತ್ರ ಶುದ್ಧ ಫಿಲ್ಟರಿನಿಂದ ಶೇಕಡಾ 2ರಿಂದ 6ರಷ್ಟು ಮೈಲೇಜು ಸುಧಾರಿಸಿತು. ಹೊಸ ಕಾರುಗಳಲ್ಲಿ ಬದಲಾದದ್ದು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ವೇಗೋತ್ಕರ್ಷ. ಮುಚ್ಚಿದ ಫಿಲ್ಟರನ್ನು ತೆಗೆದು ಶುದ್ಧ ಫಿಲ್ಟರ್ ಹಾಕಿದಾಗ ಅದು ಶೇಕಡಾ 6ರಿಂದ 11ರಷ್ಟು ಉತ್ತಮವಾಯಿತು. ಮುಚ್ಚಿಹೋದ ಫಿಲ್ಟರನ್ನು ಬದಲಿಸಲು ಬೇಕಾದದ್ದು ಕೆಲವು ನೂರು ರೂಪಾಯಿ ಮಾತ್ರ.

ವಾದಕ್ಕಾಗಿ ಶೇಕಡಾ 5ರ ಉಳಿತಾಯ ನಿಜವೆಂದೇ ಒಪ್ಪೋಣ. ವರ್ಷಕ್ಕೆ 10,000 ಕಿ.ಮೀ., ಲೀಟರಿಗೆ 15 ಕಿ.ಮೀ., ಲೀಟರಿಗೆ 100 ರೂಪಾಯಿ ಎಂದರೆ ವರ್ಷದ ಖರ್ಚು ಸುಮಾರು 66,700 ರೂಪಾಯಿ. ಉಳಿತಾಯ 3,300 ರೂಪಾಯಿ. ಹಾಕಿದ ಹಣ ಹಿಂದಿರುಗಲು ಆರು ವರ್ಷ. ಉಳಿತಾಯ ಸೊನ್ನೆಯಾದರೆ ಎಂದೂ ಇಲ್ಲ.

'ಹಾಕಿಸಿದ ಮೇಲೆ ಗೊತ್ತಾಗುತ್ತದೆ!'

ಹಾಕಿಸಿಕೊಂಡವರು ಅನೇಕರು ವ್ಯತ್ಯಾಸ ಗೊತ್ತಾಗುತ್ತದೆ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮೂಲ ಕೊಳವೆಗೆ ಅಂಟಿಕೊಂಡಂತೆ ಒಂದೆರಡು ಖಾಲಿ ಡಬ್ಬಿಗಳಿರುತ್ತವೆ. ಅವು ಹೆಲ್ಮ್‌ಹೋಲ್ಟ್ಸ್ ಅನುರಣಕಗಳು. ಬಾಟಲಿಯ ಬಾಯಿಗೆ ಊದಿದಾಗ ಸದ್ದು ಹುಟ್ಟುವ ತತ್ತ್ವವನ್ನೇ ಬಳಸಿ ಅವು ಎಂಜಿನ್ ಹೀರುವ ಸದ್ದನ್ನು ಅಡಗಿಸುತ್ತವೆ. ಹೊಸ ಸಾಧನದಲ್ಲಿ ಅವು ಇಲ್ಲ. ಎಂಜಿನ್ ಗುಡುಗುತ್ತದೆ. ಕಿವಿ ಅದನ್ನು ಸಾಮರ್ಥ್ಯ ಎಂದು ಓದಿಕೊಳ್ಳುತ್ತದೆ.

ಕಿವಿಯನ್ನು ಬಿಟ್ಟು ಮೈ ಎಷ್ಟನ್ನು ಗುರುತಿಸಬಲ್ಲದು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ವಾಯುಒತ್ತಡ ಸುಮಾರು 91 ಕಿಲೊಪಾಸ್ಕಲ್, ಮಂಗಳೂರಿನಲ್ಲಿ 101. ಮಂಗಳೂರಿನ ಸೆಕೆ, ತೇವ ಎರಡನ್ನೂ ಕಳೆದರೂ ಘಾಟಿ ಇಳಿದ ಕಾರಿಗೆ ಶೇಕಡಾ 8ರಿಂದ 9ರಷ್ಟು ಹೆಚ್ಚು ಸಾಮರ್ಥ್ಯ ಪುಕ್ಕಟೆಯಾಗಿ ಸಿಗುತ್ತದೆ. ಈ ದಾರಿಯಲ್ಲಿ ಓಡಾಡುವ ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದ್ದೀರಿ? ಅದರ ಕಾಲುಭಾಗವನ್ನು ಮೈ ಗುರುತಿಸುತ್ತದೆ ಎನ್ನುವುದು ಕಷ್ಟ. ಡಿಕ್ಕಿಯಲ್ಲಿರುವ 25 ಕಿಲೋ ಅಕ್ಕಿಮೂಟೆಯನ್ನು ಇಳಿಸಿದರೂ ವೇಗೋತ್ಕರ್ಷ ಹೆಚ್ಚುಕಡಿಮೆ ಅಷ್ಟೇ ಸುಧಾರಿಸುತ್ತದೆ.

ಡೈನಮೋಮೀಟರಿನ ಮೇಲೆ ಕಾರನ್ನು ಓಡಿಸಿ ತೆಗೆದ ನಕ್ಷೆಗಳನ್ನೂ ಸಾಕ್ಷಿಯಾಗಿ ತೋರಿಸುತ್ತಾರೆ. ಅಲ್ಲಿ ಬಾನೆಟ್ ತೆರೆದಿತ್ತೆ? ಎದುರಿಗೆ ದೊಡ್ಡ ಫ್ಯಾನ್ ಇತ್ತೆ? ಎರಡೂ ಓಟಗಳಲ್ಲಿ ಎಂಜಿನ್ ಒಂದೇ ಸಮ ಕಾದಿತ್ತೆ? ಏನನ್ನೂ ಬದಲಿಸದೆ ಅದೇ ಕಾರನ್ನು ಎರಡು ಬಾರಿ ಓಡಿಸಿದರೂ ಒಂದೆರಡು ಶೇಕಡಾ ವ್ಯತ್ಯಾಸ ಬರುವುದುಂಟು. ಅಳೆಯಬೇಕಾದ ಲಾಭವೂ ಅಷ್ಟೇ ಇರುವಾಗ ಒಂದು ಜೊತೆ ಓಟ ಏನನ್ನೂ ಸಾಧಿಸುವುದಿಲ್ಲ.

ಲೆಕ್ಕಕ್ಕೆ ಸೇರದ ಖರ್ಚು

ಹೆಚ್ಚು ಗಾಳಿ ಬಿಡುವ ಫಿಲ್ಟರ್ ಹೆಚ್ಚು ದೂಳನ್ನೂ ಬಿಡಬಹುದು. ನಮ್ಮ ರಸ್ತೆಯ ದೂಳಿನಲ್ಲಿರುವ ಸಿಲಿಕಾ ಸಿಲಿಂಡರನ್ನು ಸವೆಸುತ್ತದೆ. ಎಣ್ಣೆ ಸವರುವ ಬಗೆಯ ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಗಾಳಿಯ ರಾಶಿಯನ್ನು ಅಳೆಯುವ ಸೂಕ್ಷ್ಮ ತಂತಿಯ ಮೇಲೆ ಅದು ಕೂತು ಅಳತೆ ಕೆಡುತ್ತದೆ.

ನೀರಿನ ಅಪಾಯ ಇದಕ್ಕಿಂತ ದೊಡ್ಡದು. ತಂಪು ಗಾಳಿಗಾಗಿ ಕೆಲವರು ಫಿಲ್ಟರನ್ನು ಬಂಪರಿನ ಕೆಳಭಾಗಕ್ಕೆ ಇಳಿಸುತ್ತಾರೆ. ನಾಲ್ಕು ಸಿಲಿಂಡರುಗಳ 1.2 ಲೀಟರ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಗಾತ್ರ 300 ಮಿ.ಲೀ. ಸಂಪೀಡನ ಅನುಪಾತ 11 ಆದರೆ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ 30 ಮಿ.ಲೀ. ಮಾತ್ರ. ಅದಕ್ಕಿಂತ ಹೆಚ್ಚು ನೀರು ಒಳಹೋದರೆ, ನೀರನ್ನು ಗಾಳಿಯಂತೆ ಅದುಮಲಾಗದ ಕಾರಣ, ಕನೆಕ್ಟಿಂಗ್ ರಾಡ್ ಬಾಗಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ನಿಂತ ನೀರನ್ನು ಕಂಡವರಿಗೆ ಇದು ದೂರದ ಮಾತಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ವಿವರಿಸುತ್ತಾ ತೀರ್ಪು ನೀಡಿದೆ. ವಾರಂಟಿ ಕೇಳಲು ಹೋದಾಗಲೂ ತಕರಾರು ಬರಬಹುದು.

ಯಾರಿಗೆ ಬೇಕು?

ಹಾಗಾದರೆ ಈ ಸಾಧನ ಯಾರಿಗೂ ಬೇಡವೆ? ಹಾಗಲ್ಲ. ರೇಸಿನ ಕಾರು ಬಹುಕಾಲ ಪೂರ್ಣ ಥ್ರಾಟಲಿನಲ್ಲೇ ಓಡುತ್ತದೆ. ಅಲ್ಲಿ ಶೇಕಡಾ 2 ಎಂದರೆ ಗೆಲುವು ಸೋಲಿನ ಅಂತರ. ಎಂಜಿನ್ನಿನ ಇತರ ಭಾಗಗಳನ್ನೂ ನಿಯಂತ್ರಕ ಗಣಕದ ಕ್ರಮವಿಧಿಯನ್ನೂ ಬದಲಿಸಿದವರಿಗೆ ಮೂಲ ಕೊಳವೆ ನಿಜಕ್ಕೂ ಕಿರಿದಾಗಬಹುದು. ಟರ್ಬೊ ಎಂಜಿನ್ನುಗಳಲ್ಲಿ ಗಾಳಿಯನ್ನು ಅದುಮಿದಾಗ ಅದು ಬಹಳ ಕಾಯುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರ್ ಚಾರ್ಲ್ಸ್ ನಿಯಮದ ಸಾರ್ಥಕ ಬಳಕೆ. ಸದ್ದೇ ಇಷ್ಟವಾದವರು ಸದ್ದಿಗೆಂದು ಹಣ ಕೊಡಲಿ, ಅದನ್ನು ಸಾಮರ್ಥ್ಯವೆಂದು ಭ್ರಮಿಸದಿದ್ದರೆ ಸಾಕು. ದಿನವೂ ಕಚೇರಿಗೆ ಹೋಗಿಬರುವ ಸಣ್ಣ ಕಾರಿಗೆ ಇದು ತಕ್ಕ ಖರ್ಚಲ್ಲ.

ಹುಡುಗನಿಗೆ ನಾನು 'ಬೇಡ' ಎನ್ನಲಿಲ್ಲ. ಕಾರಿನ ರೋಗಪತ್ತೆಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ರೀಡರೊಂದನ್ನು ಕೊಂಡು, ಒಳಬರುವ ಗಾಳಿಯ ಉಷ್ಣತೆಯನ್ನೂ ಹೊರಗಿನ ಉಷ್ಣತೆಯನ್ನೂ ಒಂದು ವಾರ ಬರೆದಿಡು, ಆಮೇಲೆ ಲೆಕ್ಕ ಹಾಕಿ ನೀನೇ ತೀರ್ಮಾನಿಸು ಎಂದೆ. ಒಪ್ಪಿಕೊಂಡು ಹೋದ.

ಅವನು ಹೋದ ಮೇಲೆ ಯೋಚಿಸಿದ್ದು ನನ್ನ ಪಾಠದ ಬಗ್ಗೆ. ತರಗತಿಯಲ್ಲಿ ಬಿಸಿನೀರಿನ ಮೇಲೆ ಬಲೂನು ಉಬ್ಬಿಸಿ ನಿಯಮವನ್ನು ತೋರಿಸಿದ್ದೆ. ಹತ್ತು ಡಿಗ್ರಿ ಕಾಯಿಸಿದರೆ ಬಲೂನು ಎಷ್ಟು ಉಬ್ಬೀತು ಎಂದು ಒಮ್ಮೆಯೂ ಕೇಳಿರಲಿಲ್ಲ. ಉತ್ತರ ಶೇಕಡಾ 3ರಷ್ಟು. ಕಣ್ಣಿಗೆ ಕಾಣುವುದೂ ಕಷ್ಟ. ಈ ವರ್ಷ ಆ ಪ್ರಶ್ನೆಯಿಂದಲೇ ಪಾಠ ಆರಂಭಿಸಬೇಕೆಂದಿದ್ದೇನೆ. ನೀವೂ ನಿಮ್ಮ ತರಗತಿಯಲ್ಲಿ ಕೇಳಿ ನೋಡಿ.