ಪಶ್ಚಾತ್ತಾಪವೂ ಪ್ರಾಯಶ್ಚಿತ್ತವೂ

ಕೃಷ್ಣಾ ತೀರದ ನಮ್ಮ ಉಗಾರ ಬುದ್ರುಕದಲ್ಲಿ ಗಾಳಿಪಟವೊಂದು ದಾರ ಹರಿದುಕೊಂಡು ಹಾರಿದರೆ, ಅದರ ಬೆನ್ನಟ್ಟುವ ಹುಡುಗರಲ್ಲಿ ಕಬ್ಬಿನ ಹೊಲದ ಒಡೆಯನ ಮಗನಾರು, ಅದೇ ಹೊಲದ ಆಳಿನ ಮಗನಾರು ಎಂದು ಗುರುತಿಸುವುದು ಕಷ್ಟ. ಹತ್ತು ವರುಷ ಕಳೆಯಲಿ. ಒಬ್ಬನು ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಇನ್ನೊಬ್ಬನು ಕೆಳಗೆ ಕೈಕಟ್ಟಿ ನಿಂತಿರುತ್ತಾನೆ. ಆ ಗೆಳೆತನವೆಲ್ಲಿ ಹೋಯಿತು? ಕಾಬೂಲಿನಲ್ಲಿ 1965ರಲ್ಲಿ ಜನಿಸಿ, ಅಮೆರಿಕೆಯಲ್ಲಿ ವೈದ್ಯರಾಗಿದ್ದ ಖಾಲಿದ್ ಹುಸೇನಿಯವರು 2003ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ದ ಕೈಟ್ ರನ್ನರ್’ ಕಾದಂಬರಿಯು ಕೇಳುವುದು ಇದೇ ಪ್ರಶ್ನೆಯನ್ನು.

ಅಮೀರನು ಸಿರಿವಂತ ಪಶ್ತೂನ್ ಮನೆತನದ ಕುಡಿ. ಹಸನನು ಆ ಮನೆಯ ಸೇವಕನ ಮಗ. ಸಮಾಜವು ಕೀಳಾಗಿ ಕಂಡ ಹಜಾರಾ ಜನಾಂಗದವನು. 1975ರ ಚಳಿಗಾಲದ ಗಾಳಿಪಟದ ಪಂದ್ಯದಲ್ಲಿ ಗೆದ್ದ ಅಮೀರನಿಗಾಗಿ, ಸೋತವರ ಪಟವನ್ನು ತರಲು ಹಸನನು ಓಡುತ್ತಾನೆ. ಓಣಿಯೊಂದರಲ್ಲಿ ಅಸೆಫನೆಂಬ ದುಷ್ಟನು ಅವನ ಮೇಲೆ ಹೇಯವಾದ ಅತ್ಯಾಚಾರವೆಸಗುತ್ತಾನೆ. ಅಮೀರನು ಮರೆಯಲ್ಲಿ ನಿಂತು ಕಂಡೂ ಬಾಯಿ ತೆರೆಯದೆ ಓಡಿಹೋಗುತ್ತಾನೆ. ಅನಂತರ ಗೆಳೆಯನ ಮುಖವನ್ನು ನೋಡಲಾರದೆ, ತನ್ನ ಗಡಿಯಾರವನ್ನೂ ಹಣವನ್ನೂ ಅವನ ಹಾಸಿಗೆಯಡಿ ಇಟ್ಟು ಕಳ್ಳತನ ಹೊರಿಸುತ್ತಾನೆ. ಹಸನನು ಮಾಡದ ಕಳವನ್ನು ಒಪ್ಪಿಕೊಂಡು ತಂದೆಯೊಡನೆ ಮನೆ ಬಿಡುತ್ತಾನೆ. ಮೊದಲನೆಯ ತಪ್ಪು ಅಂಜಿಕೆಯಿಂದಾದುದು. ಎರಡನೆಯದು ತಾನು ನೋಯಿಸಿದವನನ್ನೇ ದ್ವೇಷಿಸುವ ಮನದಿಂದಾದುದು. ಎರಡನೆಯದೇ ಘೋರವೆಂಬುದನ್ನು ಕಾದಂಬರಿಕಾರರು ಬಲ್ಲರು.

ಕನ್ನಡಿಗರಿಗೆ ಈ ವಸ್ತು ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ದ್ರೋಣ-ದ್ರುಪದರ ಪ್ರಸಂಗವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾನೆ. ಬಾಲ್ಯದ ಗೆಳೆಯನೆಂದು ನೆರವು ಬೇಡಿ ಬಂದ ಬಡ ದ್ರೋಣನನ್ನು, ಅರಸನಾದ ದ್ರುಪದನು ಗುರುತೇ ಇಲ್ಲವೆಂದು ಹೊರದೂಡಿಸುತ್ತಾನೆ. ಆ ಅವಮಾನಕ್ಕೆ ದ್ರೋಣನು ಶಿಷ್ಯನಿಂದ ದ್ರುಪದನನ್ನು ಕಟ್ಟಿ ತರಿಸುತ್ತಾನೆ. ಆ ಸೇಡಿಗೆ ದ್ರುಪದನು ಧೃಷ್ಟದ್ಯುಮ್ನನನ್ನು ಪಡೆಯುತ್ತಾನೆ. ಕುರುಕ್ಷೇತ್ರದಲ್ಲಿ ದ್ರೋಣನ ತಲೆ ಉರುಳುತ್ತದೆ. ಅಲ್ಲಿ ತಪ್ಪಿಗೆ ಉತ್ತರವಾಗಿ ಸೇಡು ಬಂದಿತೇ ಹೊರತು, ತಪ್ಪು ಮಾಡಿದವನು ತಾನಾಗಿ ಹಿಂದಿರುಗಲಿಲ್ಲ. ಹುಸೇನಿಯವರ ಅಮೀರನು ಹಿಂದಿರುಗುತ್ತಾನೆ.

ಅದು 2001. ಅಮೆರಿಕೆಯಲ್ಲಿ ಲೇಖಕನಾಗಿ ನೆಲೆಸಿದ್ದ ಅಮೀರನನ್ನು ತಂದೆಯ ಹಳೆಯ ಗೆಳೆಯ ರಹೀಂ ಖಾನನು ಪೇಶಾವರಕ್ಕೆ ಕರೆಸಿಕೊಳ್ಳುತ್ತಾನೆ. ಹಸನನನ್ನೂ ಅವನ ಪತ್ನಿಯನ್ನೂ ತಾಲಿಬಾನರು ಕೊಂದಿದ್ದಾರೆ. ಮಗ ಸೊಹ್ರಾಬನು ಅನಾಥ. ಅಷ್ಟೇ ಅಲ್ಲ, ಹಸನನು ಅಮೀರನ ತಂದೆಗೇ ಹುಟ್ಟಿದವನು. ಅಮೀರನು ಕಾಬೂಲಿಗೆ ಹೋಗಿ, ಅದೇ ಅಸೆಫನಿಂದ ಪೆಟ್ಟು ತಿಂದು ಹುಡುಗನನ್ನು ಬಿಡಿಸಿ ತರುತ್ತಾನೆ. ಅನೇಕ ಓದುಗರು ಈ ಹೊಡೆದಾಟದಲ್ಲೇ ವಿಮೋಚನೆಯನ್ನು ಕಾಣುತ್ತಾರೆ. ನಮಗದು ಸಿನಿಮೀಯವೆನಿಸಿತು, ಅಸೆಫನು ಮತ್ತೆ ಎದುರಾಗುವುದು ಲೇಖಕರ ಅನುಕೂಲಕ್ಕೆ ಒದಗಿದ ಆಕಸ್ಮಿಕ. ನಿಜವಾದ ಪ್ರಾಯಶ್ಚಿತ್ತವು ಅಮೆರಿಕೆಯ ಮನೆಯೊಂದರ ಊಟದ ಹೊತ್ತಿನಲ್ಲಿ ನಡೆಯುತ್ತದೆ. ಹಜಾರಾ ಹುಡುಗನೇಕೆ ಇಲ್ಲಿ ಎಂದು ಮಾವನು ಕೇಳಿದಾಗ, ಅಮೀರನು ತಂದೆಯ ಗುಟ್ಟನ್ನು ಮುಚ್ಚಿಡದೆ ನುಡಿದು, ಇನ್ನು ಮುಂದೆ ಅವನನ್ನು ಹೆಸರು ಹಿಡಿದೇ ಕರೆಯಬೇಕೆಂದು ಹೇಳುತ್ತಾನೆ. ಓಣಿಯಲ್ಲಿ ಕಟ್ಟಿದ್ದ ಬಾಯಿ ಇಲ್ಲಿ ತೆರೆಯಿತು. ಪಶ್ಚಾತ್ತಾಪವು ಮನದೊಳಗಿನ ಉರಿ. ಪ್ರಾಯಶ್ಚಿತ್ತವು ಹೊರಗೆ ಕಾಣುವ ನಡೆ. ಇಪ್ಪತ್ತಾರು ವರುಷ ಅಮೀರನಲ್ಲಿ ಇದ್ದುದು ಮೊದಲನೆಯದು ಮಾತ್ರ.

ಕೃತಿಯ ಕೊರತೆಯೂ ಗಂಭೀರವಾದುದೇ. ಹಸನನಿಗೆ ನಿಷ್ಠೆಯನ್ನಲ್ಲದೆ ಬೇರೇನನ್ನೂ ಲೇಖಕರು ಕೊಟ್ಟಿಲ್ಲ. ದೊಡ್ಡವನಾಗಿ ಅಕ್ಷರ ಕಲಿತು ಬರೆದ ಪತ್ರದಲ್ಲಿಯೂ ಅವನದು ಒಂದೇ ಒಂದು ದೂರಿಲ್ಲ. ಆಳು ಹೀಗಿರಬೇಕೆಂಬುದು ಒಡೆಯನ ಕನಸಲ್ಲವೇ? ನೊಂದವನ ಸಿಟ್ಟನ್ನು ಕೇಳಿಸಿಕೊಳ್ಳದ ಪ್ರಾಯಶ್ಚಿತ್ತ ಅರ್ಧವೇ. ದ್ರೋಣನಿಗೆ ಸಿಟ್ಟಾಗುವ ಹಕ್ಕನ್ನಾದರೂ ನಮ್ಮ ಪಂಪನು ಕೊಟ್ಟಿದ್ದನು.

ಆದರೂ ಮುಕ್ತಾಯವು ಸಂಯಮದಿಂದ ಕೂಡಿದೆ. ನೋವಿನಿಂದ ಮೂಕನಾದ ಸೊಹ್ರಾಬನ ತುಟಿಯಲ್ಲಿ ಒಂದು ಓರೆನಗೆ ಮೂಡುತ್ತದೆ. ಈ ಬಾರಿ ಗಾಳಿಪಟವನ್ನು ತರಲು ಓಡುವವನು ಅಮೀರ. ಅಷ್ಟೇ, ಎಲ್ಲವೂ ಸರಿಹೋಯಿತೆಂದು ಲೇಖಕರು ಹೇಳುವುದಿಲ್ಲ.

ಈ ಮಠದ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಹಳೆಯ ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ಓದಬೇಕು. ಅಂದು ಪಕ್ಕದಲ್ಲಿ ಕುಳಿತವನು ಇಂದು ಸಂತೆಯಲ್ಲಿ ಎದುರಾದಾಗ ನಾವು ದ್ರುಪದರಾಗಿದ್ದೇವೆಯೇ? ಹಸನನಿಗೆ ತಲುಪಬೇಕಾಗಿದ್ದ ಮಾತು ಅವನು ಬದುಕಿರುವಾಗ ತಲುಪಲಿಲ್ಲ. ನಮ್ಮ ಗೆಳೆಯರು ಇನ್ನೂ ಇದ್ದಾರೆ.